ಒಂದು ಕರಡು, ಹನ್ನೊಂದು ಕೈ: ಗೂಗಲ್ ಡಾಕ್ಸ್‌ನಲ್ಲಿ ಸ್ಮರಣ ಸಂಚಿಕೆಯನ್ನು ಒಟ್ಟಾಗಿ ತಿದ್ದುವ ಕ್ರಮ

ನಮ್ಮೂರಿನ ಶಾಲೆಗೆ ನೂರು ವರ್ಷ ತುಂಬಿದಾಗ ಸ್ಮರಣ ಸಂಚಿಕೆ ತರುವ ಹೊಣೆ ಹಳೆಯ ವಿದ್ಯಾರ್ಥಿಗಳಾದ ನಮ್ಮ ಹನ್ನೊಂದು ಜನರ ಮೇಲೆ ಬಿತ್ತು. ನಾಲ್ವರು ಊರಿನಲ್ಲೇ ಇದ್ದರು, ಐವರು ಬೆಂಗಳೂರಿನಲ್ಲಿ, ಒಬ್ಬರು ದುಬೈಯಲ್ಲಿ, ಇನ್ನೊಬ್ಬರು ನ್ಯೂಜೆರ್ಸಿಯಲ್ಲಿ. ಮೊದಲ ತಿಂಗಳು ಬರಹಗಳೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದವು. ನಿವೃತ್ತ ಮೇಷ್ಟ್ರು ಮುದ್ರಿತ ಪ್ರತಿಯ ಮೇಲೆ ಕೆಂಪು ಪೆನ್ನಿನಲ್ಲಿ ತಿದ್ದಿ, ಫೋಟೊ ತೆಗೆದು ಕಳಿಸುತ್ತಿದ್ದರು. ಅದನ್ನು ನೋಡಿ ಒಬ್ಬರು ವರ್ಡ್ ಫೈಲ್ ತಿದ್ದುವಷ್ಟರಲ್ಲಿ ಮತ್ತೊಬ್ಬರು ಹಳೆಯ ಫೈಲನ್ನೇ ಪುಟ ಜೋಡಿಸುವ ಡಿಟಿಪಿಯವರ ಕೈಗೆ ಕೊಟ್ಟಾಗಿರುತ್ತಿತ್ತು.

ಎರಡನೆಯ ತಿಂಗಳು ಎಲ್ಲವನ್ನೂ ಗೂಗಲ್ ಡ್ರೈವ್‌ಗೆ ಹಾಕಿ, ಹನ್ನೊಂದು ಜನರಿಗೂ ತಿದ್ದುವ ಹಕ್ಕು ಕೊಟ್ಟು ನಿಶ್ಚಿಂತನಾಗಿ ಮಲಗಿದೆ. ಬೆಳಿಗ್ಗೆ ಒಬ್ಬ ಲೇಖಕರು ಫೋನ್ ಮಾಡಿದರು: "ಮೂರನೆಯ ಪ್ಯಾರಾ ನಾನು ಬರೆದದ್ದಲ್ಲವಲ್ಲ?" ರಾತ್ರಿ ಆ ಪ್ಯಾರಾ ಎರಡು ಸಲ ಅಳಿದು, ಎರಡು ಸಲ ಹುಟ್ಟಿ, ಮೂರು ಜನರ ಭಾಷೆಯನ್ನು ಹೊತ್ತು ನಿಂತಿತ್ತು. ಫೈಲ್ ಒಂದೇ ಇತ್ತು, ಪೆನ್ನು ಮಾತ್ರ ಹನ್ನೊಂದು. ಈ ಎರಡೂ ತಿಂಗಳುಗಳ ಪೆಟ್ಟು ತಿಂದ ಮೇಲೆ ನಾವು ಕಂಡುಕೊಂಡ ಕ್ರಮ ಇಲ್ಲಿದೆ. ಮೆನುವಿನ ಹೆಸರುಗಳನ್ನು ಇಂಗ್ಲಿಷ್ ಪರದೆಯಲ್ಲಿ ಕಾಣುವ ಹಾಗೆಯೇ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ.

ಯಂತ್ರಕ್ಕೆ ತಿಳಿಯುವುದು ಎಷ್ಟು

ಒಂದೇ ಬರಹವನ್ನು ಇಬ್ಬರು ಏಕಕಾಲಕ್ಕೆ ತಿದ್ದುವುದು ಹೊಸ ಕನಸಲ್ಲ. ಅಮೆರಿಕದ ಕಂಪ್ಯೂಟರ್ ಸಂಶೋಧಕ ಡಗ್ಲಸ್ ಎಂಗೆಲ್‌ಬಾರ್ಟ್ 1968ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದೂರದ ಸಹೋದ್ಯೋಗಿಯ ಜೊತೆ ಒಂದೇ ಪರದೆಯ ಮೇಲೆ ಕೆಲಸ ಮಾಡಿ ತೋರಿಸಿದ್ದರು. ಘರ್ಷಣೆಯಿಲ್ಲದೆ ತಿದ್ದುಪಡಿಗಳನ್ನು ಹೊಂದಿಸುವ ಉಪಾಯವನ್ನು ಎಲ್ಲಿಸ್ ಮತ್ತು ಗಿಬ್ಸ್ ಎಂಬ ಇಬ್ಬರು ಸಂಶೋಧಕರು 1989ರಲ್ಲಿ ಪ್ರಕಟಿಸಿದರು. ಗೂಗಲ್ 2006ರಲ್ಲಿ ರೈಟ್ಲಿ ಎಂಬ ತಾಣವನ್ನು ಕೊಂಡಿತು. ಇಂದಿನ ಡಾಕ್ಸ್‌ನ ಬೇರು ಅಲ್ಲಿದೆ.

ಉಪಾಯ ಸರಳವಾಗಿದೆ. ನೀವು ಒಂದು ಅಕ್ಷರ ಒತ್ತಿದಾಗ ಇಡೀ ಫೈಲ್ ಗೂಗಲ್‌ನ ಕೇಂದ್ರ ಕಂಪ್ಯೂಟರಾದ ಸರ್ವರ್‌ಗೆ ಹೋಗುವುದಿಲ್ಲ. "ಇಷ್ಟನೆಯ ಜಾಗದಲ್ಲಿ ಇದನ್ನು ಸೇರಿಸು" ಎಂಬ ಸೂಚನೆಯಷ್ಟೇ ಹೋಗುತ್ತದೆ. ಅಷ್ಟರಲ್ಲಿ ಬೇರೊಬ್ಬರು ಮೇಲಿನ ಸಾಲಿನಲ್ಲಿ ಐದು ಅಕ್ಷರ ಸೇರಿಸಿದ್ದರೆ, ಸರ್ವರ್ ನಿಮ್ಮ ಜಾಗವನ್ನು ಐದು ಮುಂದಕ್ಕೆ ಸರಿಸಿ ಎಲ್ಲರ ಪರದೆಗೂ ಒಂದೇ ಫಲಿತಾಂಶ ಕಳಿಸುತ್ತದೆ. ಎಲ್ಲರಿಗೂ ಒಂದೇ ಕಾಣಬೇಕು ಎನ್ನುವುದಷ್ಟೇ ಅದರ ವ್ರತ. ಕಂಡದ್ದು ಸರಿಯಾಗಿರಬೇಕು ಎನ್ನುವುದು ಅದರ ಲೆಕ್ಕದಲ್ಲಿಲ್ಲ.

"ಕನಾಟಕ" ಎಂಬ ತಪ್ಪು ನಿಮಗೂ ನನಗೂ ಒಂದೇ ಕ್ಷಣದಲ್ಲಿ ಕಂಡಿತೆನ್ನಿ. ಇಬ್ಬರೂ ಮೊದಲ ಅಕ್ಷರದ ನಂತರ "ರ್" ಸೇರಿಸುತ್ತೇವೆ. ಎರಡೂ ನ್ಯಾಯವಾದ ತಿದ್ದುಪಡಿಗಳೇ, ಆದ್ದರಿಂದ ಯಂತ್ರ ಎರಡನ್ನೂ ಉಳಿಸಿಕೊಳ್ಳುತ್ತದೆ: "ಕರ್ರ್ನಾಟಕ". ಒಬ್ಬರು ಪ್ಯಾರಾ ಅಳಿಸುವಾಗ ಇನ್ನೊಬ್ಬರು ಅದರೊಳಗೆ ಪದವೊಂದನ್ನು ಸೇರಿಸುತ್ತಿದ್ದರೆ, ಪ್ಯಾರಾ ಹೋಗಿ ಆ ಪದ ಮಾತ್ರ ಅನಾಥವಾಗಿ ಉಳಿಯಬಹುದು. ಮುಂದಿನ ಹೆಜ್ಜೆಗಳೆಲ್ಲ ಈ ಕೊರತೆಯನ್ನು ಮನುಷ್ಯರು ತುಂಬಿಕೊಳ್ಳುವ ಬಗೆಗಳು.

ಮೊದಲ ಹೆಜ್ಜೆ: ಫೋಲ್ಡರ್ ಯಾರ ಹೆಸರಿನಲ್ಲಿ

ಫೋಲ್ಡರ್ ತೆರೆಯುವ ಮೊದಲು ಅದು ಯಾರ ಖಾತೆಯಲ್ಲಿರಬೇಕೆಂದು ತೀರ್ಮಾನಿಸಿ. ಸಂಘಕ್ಕೆಂದೇ ಒಂದು ಜಿಮೇಲ್ ಖಾತೆ ಮಾಡಿ, ಅದರ ಪಾಸ್‌ವರ್ಡ್ ಕಾರ್ಯದರ್ಶಿ ಮತ್ತು ಖಜಾಂಚಿ ಇಬ್ಬರ ಬಳಿ ಇರುವುದು ನನಗೆ ಒಪ್ಪಿಗೆಯಾದ ದಾರಿ. ಫೈಲುಗಳು ಮಾಲೀಕನ ಉಚಿತ 15 ಜಿಬಿ ಜಾಗವನ್ನೇ ತಿನ್ನುತ್ತವೆ. ಅದರಲ್ಲಿ ಮೇಲ್ ಮತ್ತು ಫೋಟೊಗಳ ಪಾಲೂ ಸೇರಿದೆ. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು ಎಂಬ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಸಂಚಿಕೆ ಬಂದ ಮೇಲೆ ಮರೆತುಬಿಡುವ ಖಾತೆಗೆ ಇದು ಸಣ್ಣ ಅಪಾಯವಲ್ಲ.

ಒಳಗೆ ನಾಲ್ಕು ಫೋಲ್ಡರ್ ಸಾಕು: ಬಂದದ್ದು, ತಿದ್ದುತ್ತಿರುವುದು, ಅಚ್ಚಿಗೆ, ಫೋಟೊ. "ಬಂದದ್ದು" ಫೋಲ್ಡರ್‌ನಲ್ಲಿ ಲೇಖಕರು ಕಳಿಸಿದ ಮೂಲ ಫೈಲ್ ಹಾಗೆಯೇ ಇರಲಿ, ಅದನ್ನು ಯಾರೂ ಮುಟ್ಟಬಾರದು. ಇಡೀ ಸಂಚಿಕೆಯನ್ನು ಒಂದೇ ಡಾಕ್ಸ್ ಫೈಲಿನಲ್ಲಿ, ಅಂದರೆ ಒಂದೇ ಡಾಕ್‌ನಲ್ಲಿ ಇಡುವ ಆಸೆ ಬೇಡ. ಒಂದು ಡಾಕ್ ಸುಮಾರು 10.2 ಲಕ್ಷ ಅಕ್ಷರ ಹಿಡಿಯುತ್ತದೆ ನಿಜ, ಆದರೆ ಇನ್ನೂರು ಪುಟದ ಡಾಕ್ ಹಳೆಯ ಮೊಬೈಲ್‌ನಲ್ಲಿ ತೆವಳುತ್ತದೆ. ಒಂದು ಲೇಖನಕ್ಕೆ ಒಂದು ಡಾಕ್ ಮಾಡಿ. ಫೋಟೊಗಳನ್ನು ಲೇಖನದೊಳಗೆ ಅಂಟಿಸದೆ ಮೂಲ ಫೈಲಾಗಿಯೇ ಫೋಲ್ಡರ್‌ಗೆ ಹಾಕಿ, ಲೇಖನದಲ್ಲಿ "ಇಲ್ಲಿ ಚಿತ್ರ 4" ಎಂದು ಬರೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸುವವರಿಗೆ ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಇಲ್ಲವಾದರೆ ಅದು ಕುಗ್ಗಿ ಬಂದು ಅಚ್ಚಿನಲ್ಲಿ ಮಸುಕಾಗುತ್ತದೆ.

ಎರಡನೆಯ ಹೆಜ್ಜೆ: ಅಕ್ಷರ ಶುದ್ಧಿ

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಸಿಗದ, ನಮಗೆ ಮಾತ್ರ ಗಂಟುಬಿದ್ದ ಕೆಲಸ ಇದು. ನಮ್ಮ ಹೆಚ್ಚಿನ ಸಮಯ ಹೋದದ್ದೂ ಇಲ್ಲಿಯೇ.

ಊರಿನಲ್ಲಿ ಟೈಪ್ ಮಾಡಿಸಿದ ಬರಹಗಳು ಬಹುಪಾಲು ನುಡಿ ಅಥವಾ ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬರುತ್ತವೆ. ಅವುಗಳಲ್ಲಿ ಕನ್ನಡ ಇರುವುದು ಫಾಂಟಿನ ಚಿತ್ರದಲ್ಲಿ ಮಾತ್ರ. ಒಳಗಿನ ಸಂಕೇತ ರೋಮನ್ ಅಕ್ಷರಗಳದ್ದು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಗೂಗಲ್ ಡಾಕ್ಸ್‌ಗೆ ನಿಮ್ಮ ಫಾಂಟನ್ನು ಸೇರಿಸುವ ಅವಕಾಶವಿಲ್ಲ, ಹಾಗಾಗಿ ಅಲ್ಲಿ ತೆರೆದರೆ ತಲೆಯ ಮೇಲೆ ಚುಕ್ಕಿ, ಗೆರೆ ಹೊತ್ತ ಪರದೇಶಿ ಅಕ್ಷರಗಳ ಸಂತೆ ಕಾಣುತ್ತದೆ. ಫೈಲ್ ಕೆಟ್ಟಿದೆ ಎಂದು ಲೇಖಕರನ್ನು ಬೈಯಬೇಡಿ. ಆ ಪಠ್ಯವನ್ನು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಪರಿವರ್ತಕದಲ್ಲಿ ಹಾಕಿ ತೆಗೆಯಿರಿ. ಇಂಥ ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲಿ ಹಲವಿವೆ. ಪರಿವರ್ತನೆ ಮುಗಿಯುವ ತನಕ ಯಾರಿಗೂ ಲಿಂಕ್ ಕೊಡಬೇಡಿ.

ಪರಿವರ್ತನೆಯ ನಂತರವೂ, ನೇರವಾಗಿ ಯೂನಿಕೋಡ್‌ನಲ್ಲಿ ಬಂದ ಬರಹಗಳಲ್ಲಿಯೂ, ಮೂರು ಕಳ್ಳರು ಅಡಗಿರುತ್ತಾರೆ. ಮೊದಲನೆಯವನು ಸೊನ್ನೆ. "ಬೆಂಗಳೂರು" ಎಂಬಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿ "ಬೆ೦ಗಳೂರು" ಎಂದು ಬರೆದಿರುತ್ತಾರೆ. ಕಣ್ಣಿಗೆ ವ್ಯತ್ಯಾಸ ತಿಳಿಯದು, ಹುಡುಕಿದರೆ ಪದ ಸಿಗದು. ಇದಕ್ಕೊಂದು ಉಪಾಯವಿದೆ: ಇಸವಿ, ಅಂಕಿಗಳನ್ನೆಲ್ಲ 1, 2, 3 ಎಂದೇ ಬರೆಯುವುದೆಂದು ಮೊದಲು ನಿಯಮ ಮಾಡಿ, ಇರುವ ಕನ್ನಡ ಅಂಕಿಗಳನ್ನು ಬದಲಿಸಿ. ಆಮೇಲೆ ಉಳಿದ ಕನ್ನಡ ಸೊನ್ನೆಗಳೆಲ್ಲವೂ ತಪ್ಪೇ. ಕಂಟ್ರೋಲ್ ಮತ್ತು ಎಚ್ ಒತ್ತಿ, ಸೊನ್ನೆಯ ಜಾಗಕ್ಕೆ ಅನುಸ್ವಾರ ಕೊಟ್ಟು ಒಂದೇ ಏಟಿಗೆ ಎಲ್ಲವನ್ನೂ ಬದಲಿಸಬಹುದು.

ಎರಡನೆಯವನು ಒಂಬತ್ತು. ಅರ್ಕಾವತ್ತಿನ ಬದಲು ಅಂಕಿ ಹಾಕಿ "ಕನಾ೯ಟಕ" ಎಂದು ಬರೆಯುವ ರೂಢಿ ಇನ್ನೂ ಸತ್ತಿಲ್ಲ. ಇಲ್ಲಿ ಒಂದೇ ಏಟಿನ ಉಪಾಯ ನಡೆಯುವುದಿಲ್ಲ, ಏಕೆಂದರೆ "ರ್" ಹಿಂದಿನ ಅಕ್ಷರಕ್ಕೂ ಮುಂಚೆ ಹೋಗಿ ಕೂರಬೇಕು. ಒಂಬತ್ತನ್ನು ಹುಡುಕಿ, ಒಂದೊಂದಾಗಿ ಕೈಯಿಂದ ತಿದ್ದಬೇಕು. ಮೂರನೆಯದು ಕಣ್ಣಿಗೆ ಕಾಣದ ಬಿಡಿಸುವ ಚಿಹ್ನೆ. ಅದು ತಪ್ಪಿದರೆ "ಸಾಫ್ಟ್‌ವೇರ್" ಎಂಬುದು "ಸಾಫ್ಟ್ವೇರ್" ಎಂದು ಒತ್ತಕ್ಷರವಾಗಿ ಮುದ್ದೆಯಾಗುತ್ತದೆ. ಇವು ಮೂರನ್ನೂ ಒಬ್ಬರೇ ಮಾಡಿ ಮುಗಿಸಲಿ. ಹನ್ನೊಂದು ಜನ ಸೊನ್ನೆ ಹುಡುಕುವುದು ಬೇಡ.

ಶುದ್ಧವಾದ ಪಠ್ಯವನ್ನು ಹೊಸ ಗೂಗಲ್ ಡಾಕ್‌ಗೆ ಹಾಕಿ. ವರ್ಡ್ ಫೈಲನ್ನು ಹಾಗೆಯೇ ಡ್ರೈವ್‌ಗೆ ಏರಿಸಿದರೂ ಕೂಡಿ ತಿದ್ದಬಹುದು. ಆದರೂ ಫೈಲ್ ಮೆನುವಿನ 'ಸೇವ್ ಆ್ಯಸ್ ಗೂಗಲ್ ಡಾಕ್ಸ್' ಒತ್ತಿ ಬದಲಿಸಿಕೊಳ್ಳುವುದು ಮೇಲು. ವರ್ಡ್ ಫೈಲಿನ ಹಳೆಯ ಆವೃತ್ತಿಗಳು ಡ್ರೈವ್‌ನಲ್ಲಿ ಸಾಮಾನ್ಯವಾಗಿ 30 ದಿನದ ನಂತರ ಅಳಿದುಹೋಗುತ್ತವೆ. ಬದಲಿಸಿದಾಗ ಹೊಸ ಪ್ರತಿಯೊಂದು ಹುಟ್ಟುತ್ತದೆ ಎಂಬುದನ್ನು ನೆನಪಿಡಿ. ಹಳೆಯದನ್ನು "ಬಂದದ್ದು" ಫೋಲ್ಡರ್‌ಗೆ ಸಾಗಿಸಿ, ಇಲ್ಲದಿದ್ದರೆ ಅರ್ಧ ಜನ ಅದನ್ನೇ ತಿದ್ದುತ್ತಾ ಕೂರುತ್ತಾರೆ.

ಫಾಂಟ್ ಪಟ್ಟಿಯ 'ಮೋರ್ ಫಾಂಟ್ಸ್' ಒಳಗೆ ಸ್ಕ್ರಿಪ್ಟ್ ಎಂಬಲ್ಲಿ ಕನ್ನಡ ಆರಿಸಿದರೆ ನೋಟೊ ಸೆರಿಫ್ ಕನ್ನಡ, ತಿರೊ ಕನ್ನಡ, ಅನೇಕ್ ಕನ್ನಡ ಮುಂತಾದವು ಸಿಗುತ್ತವೆ. ಒಂದನ್ನು ಆರಿಸಿ ಸುಮ್ಮನಾಗಿ. ಅಚ್ಚಿನ ಫಾಂಟ್ ಡಿಟಿಪಿಯವರ ಚಿಂತೆ.

ಮೂರನೆಯ ಹೆಜ್ಜೆ: ಯಾರಿಗೆ ಪೆನ್ನು, ಯಾರಿಗೆ ಕನ್ನಡಕ

ಮೇಲೆ ಬಲಗಡೆಯ 'ಶೇರ್' ಗುಂಡಿ ಒತ್ತಿದರೆ ಮೂರು ಬಗೆಯ ಹಕ್ಕು ಕಾಣುತ್ತದೆ. 'ವ್ಯೂವರ್' ಓದಬಹುದು. 'ಕಾಮೆಂಟರ್' ಬದಿಯಲ್ಲಿ ಟಿಪ್ಪಣಿ ಬರೆಯಬಹುದು, ಸಲಹೆಯ ರೂಪದಲ್ಲಿ ತಿದ್ದಬಹುದು. 'ಎಡಿಟರ್' ಏನು ಬೇಕಾದರೂ ಮಾಡಬಹುದು. ನಾನು ಮಾಡಿದ ತಪ್ಪು ಎಲ್ಲರನ್ನೂ ಎಡಿಟರ್ ಮಾಡಿದ್ದು. ಹಿರಿಯರಿಗೆ ಕಡಿಮೆ ಹಕ್ಕು ಕೊಟ್ಟರೆ ಬೇಸರವಾದೀತೆಂಬ ದಾಕ್ಷಿಣ್ಯ ಅದಕ್ಕೆ ಕಾರಣ. ಕಾಮೆಂಟರ್ ತಿದ್ದಿದ್ದೂ ಬಣ್ಣದಲ್ಲಿ ಎದ್ದು ಕಾಣುತ್ತದೆ, ಅವರ ಹೆಸರಿನಲ್ಲೇ ದಾಖಲಾಗುತ್ತದೆ ಎಂದು ತೋರಿಸಿದ ಮೇಲೆ ನಮ್ಮ ಮೇಷ್ಟ್ರಿಗೆ ಅದೇ ಇಷ್ಟವಾಯಿತು. ಅವರ ಕೆಂಪು ಪೆನ್ನು ಮರಳಿ ಸಿಕ್ಕಿತ್ತು.

ನಮ್ಮ ಹಂಚಿಕೆ ಹೀಗಾಯಿತು: ಒಂದು ಲೇಖನಕ್ಕೆ ಒಬ್ಬ ಎಡಿಟರ್, ಉಳಿದ ಹತ್ತು ಜನ ಕಾಮೆಂಟರ್, ಲೇಖಕರೂ ಕಾಮೆಂಟರ್. ನಂತರ ಶೇರ್ ಕಿಟಕಿಯ ಹಲ್ಲುಚಕ್ರದ ಚಿಹ್ನೆ ಒತ್ತಿ, ಎಡಿಟರ್‌ಗಳು ಇತರರಿಗೆ ಹಕ್ಕು ಹಂಚಬಹುದು ಎಂಬ ಆಯ್ಕೆಯನ್ನು ತೆಗೆದುಹಾಕಿ. ಫೋಲ್ಡರ್‌ಗೆ ಕೊಟ್ಟ ಹಕ್ಕು ಅದರೊಳಗಿನ ಎಲ್ಲ ಫೈಲುಗಳಿಗೂ ಇಳಿಯುತ್ತದೆ, ಆದ್ದರಿಂದ ಫೋಲ್ಡರ್ ಮಟ್ಟದಲ್ಲಿ ಕಾಮೆಂಟರ್ ಹಕ್ಕು ಕೊಟ್ಟು, ಲೇಖನದ ಮಟ್ಟದಲ್ಲಿ ಒಬ್ಬರನ್ನು ಮಾತ್ರ ಮೇಲಕ್ಕೇರಿಸಿ.

'ಜನರಲ್ ಆ್ಯಕ್ಸೆಸ್' ಎಂಬಲ್ಲಿ 'ರಿಸ್ಟ್ರಿಕ್ಟೆಡ್' ಇರಲಿ. 'ಎನಿವನ್ ವಿತ್ ದ ಲಿಂಕ್' ಆರಿಸಿ ವಾಟ್ಸ್‌ಆ್ಯಪ್ ಗುಂಪಿಗೆ ಎಸೆಯುವುದು ಸುಲಭ. ಅದು ಅಲ್ಲಿಂದ ಇನ್ನೆಲ್ಲಿಗೆ ಹೋಗುತ್ತದೆಂದು ಹೇಳುವವರಿಲ್ಲ. ಲಾಗಿನ್ ಆಗದೆ ಬಂದವರು 'ಅನಾನಿಮಸ್ ಕ್ಯಾಪಿಬಾರಾ' ಮುಂತಾದ ಪ್ರಾಣಿಗಳ ಹೆಸರಿನಲ್ಲಿ ಕಾಣುತ್ತಾರೆ. ಶಾಲೆಯ ಇತಿಹಾಸದಲ್ಲಿ ಸಂಸ್ಥಾಪಕರ ಹೆಸರು ಬದಲಿಸಿದ್ದು ಯಾವ ಕ್ಯಾಪಿಬಾರಾ ಎಂದು ಪತ್ತೆ ಹಚ್ಚುವ ಕಷ್ಟ ನಿಮಗೆ ಬೇಡ.

ದಿನವೂ ಎದುರಾದ ಒಂದು ಕಿರಿಕಿರಿಯನ್ನು ಹೇಳಲೇಬೇಕು. ಹಿರಿಯರ ಫೋನಿನಲ್ಲಿರುವ ಜಿಮೇಲ್ ಖಾತೆ ಮೊಮ್ಮಕ್ಕಳು ಮಾಡಿಕೊಟ್ಟದ್ದು, ನಮಗೆ ಅವರು ಹೇಳಿದ ವಿಳಾಸ ಇನ್ನೊಂದು. ಆಗ ಲಿಂಕ್ ಒತ್ತಿದರೆ ಅನುಮತಿ ಕೇಳಿ ಎಂಬ ಪರದೆ ಬರುತ್ತದೆ. ಆ ಪರದೆಯಿಂದಲೇ ಕೋರಿಕೆ ಕಳಿಸಲು ಹೇಳಿ. ಬಂದ ವಿಳಾಸಕ್ಕೆ ಹಕ್ಕು ಕೊಟ್ಟು ಹಳೆಯದನ್ನು ತೆಗೆಯಿರಿ. ಮೊಬೈಲ್‌ನಲ್ಲಿ ತಿದ್ದಲು ಡಾಕ್ಸ್ ಆ್ಯಪ್ ಬೇಕು.

ನಾಲ್ಕನೆಯ ಹೆಜ್ಜೆ: ತಿದ್ದುವ ದಿನಗಳು

ಎಡಿಟರ್ ಆದವರೂ ಸಲಹೆಯ ಸ್ಥಿತಿಯಲ್ಲೇ ಕೆಲಸ ಮಾಡಲಿ ಎಂಬುದು ನನ್ನ ಹಟ. ಪರದೆಯ ಬಲಗಡೆ ಪೆನ್ಸಿಲ್ ಚಿಹ್ನೆಯ ಕೆಳಗೆ 'ಎಡಿಟಿಂಗ್', 'ಸಜೆಸ್ಟಿಂಗ್', 'ವ್ಯೂವಿಂಗ್' ಎಂಬ ಮೂರು ಸ್ಥಿತಿಗಳಿವೆ, ಸಜೆಸ್ಟಿಂಗ್ ಆರಿಸಿ. ಮೊಬೈಲ್ ಆ್ಯಪ್‌ನಲ್ಲಿ ಮೂರು ಚುಕ್ಕಿಯ ಮೆನುವಿನಲ್ಲಿ 'ಸಜೆಸ್ಟ್ ಚೇಂಜಸ್' ಇದೆ. ಆಗ ಅಳಿಸಿದ್ದು ಅಳಿಯುವುದಿಲ್ಲ, ಮೇಲೆ ಗೆರೆ ಬೀಳುತ್ತದೆ. ಸೇರಿಸಿದ್ದು ಬಣ್ಣದಲ್ಲಿ ನಿಲ್ಲುತ್ತದೆ. ಬದಿಯ ಚೌಕದಲ್ಲಿ ಸರಿ ಗುರುತು ಒತ್ತಿದರೆ ಒಪ್ಪಿಗೆ, ಅಡ್ಡ ಗುರುತು ಒತ್ತಿದರೆ ತಿರಸ್ಕಾರ. ಆ ಗುರುತು ಒತ್ತುವ ಅಧಿಕಾರ ಲೇಖನದ ಎಡಿಟರ್‌ಗೆ ಮಾತ್ರ ಸಿಗುವುದರಿಂದ ಜಗಳವೂ ಅವರ ಮನೆಬಾಗಿಲಿಗೇ ಹೋಗುತ್ತದೆ.

ಕಾಗುಣಿತ, ವಿರಾಮ ಚಿಹ್ನೆ, ಸ್ಪಷ್ಟ ಅಚ್ಚುದೋಷಗಳಿಗೆ ಸಲಹೆ ಸಾಕು. ಸಂಗತಿಯ ಬಗ್ಗೆ ಅನುಮಾನವಿದ್ದರೆ ಪಠ್ಯವನ್ನು ಮುಟ್ಟದೆ ಕಾಮೆಂಟ್ ಬರೆಯಿರಿ: ಪದಗಳನ್ನು ಆರಿಸಿ, ಕಂಟ್ರೋಲ್, ಆಲ್ಟ್, ಎಂ ಒಟ್ಟಿಗೆ ಒತ್ತಿ. ಅಲ್ಲಿ ಆ್ಯಟ್ ಚಿಹ್ನೆ ಹಾಕಿ ಒಬ್ಬರ ಮೇಲ್ ವಿಳಾಸ ಬರೆದರೆ ಅವರಿಗೆ ಸೂಚನೆ ಹೋಗುತ್ತದೆ. ಕಾಮೆಂಟಿನಲ್ಲಿ "ಇದು ಸರಿಯಿಲ್ಲ" ಎಂದಷ್ಟೇ ಬರೆಯುವುದನ್ನು ನಾವು ನಿಷೇಧಿಸಿದೆವು. "ಹೊಸ ಕಟ್ಟಡದ ಇಸವಿ ಹಾಜರಿ ಪುಸ್ತಕದಲ್ಲಿ ಬೇರೆ ಇದೆ, ಫೋಟೊ 12 ನೋಡಿ" ಎಂದು ಬರೆದರೆ ಉತ್ತರ ಕೊಡಬಹುದು. ಇತ್ಯರ್ಥವಾದ ಕಾಮೆಂಟನ್ನು 'ರಿಸಾಲ್ವ್' ಒತ್ತಿ ಮುಚ್ಚಿ; ಅದು ಅಳಿಯುವುದಿಲ್ಲ, ಬೇಕಾದಾಗ ತೆರೆದು ನೋಡಬಹುದು.

ಟೈಪ್ ಮಾಡಲು ಬಾರದವರಿಗೆ ಕ್ರೋಮ್‌ನಲ್ಲಿ ಟೂಲ್ಸ್ ಮೆನುವಿನ 'ವಾಯ್ಸ್ ಟೈಪಿಂಗ್' ಕನ್ನಡವನ್ನು ಕೇಳಿಸಿಕೊಂಡು ಬರೆಯುತ್ತದೆ. ಎಂಬತ್ತು ದಾಟಿದ ಒಬ್ಬರು ತಮ್ಮ ಶಾಲಾ ದಿನಗಳನ್ನು ಹೀಗೆಯೇ ಹೇಳಿ ಬರೆಸಿದರು. ಪೂರ್ಣವಿರಾಮಗಳನ್ನು ಮಾತ್ರ ಆಮೇಲೆ ಕೈಯಿಂದ ಹಾಕಬೇಕಾಯಿತು, ಊರಿನ ಹೆಸರುಗಳನ್ನೂ ತಿದ್ದಬೇಕಾಯಿತು.

ಒಂದು ಡಾಕ್‌ನಲ್ಲಿ ಏಕಕಾಲಕ್ಕೆ 100 ಸಾಧನಗಳವರೆಗೆ ತಿದ್ದಲು ಅವಕಾಶವಿದೆ. ಇಬ್ಬರಿಗಿಂತ ಹೆಚ್ಚು ಜನ ಬೇಡ ಎನ್ನುವುದು ನನ್ನ ಮಿತಿ. ಹತ್ತಿರದ ಸಾಲಿನಲ್ಲಿ ಇನ್ನೊಬ್ಬರ ಬಣ್ಣದ ಕರ್ಸರ್ ಮಿನುಗುತ್ತಿದ್ದರೆ ನೀವು ಬೇರೆ ಪುಟಕ್ಕೆ ಹೋಗಿ. ನ್ಯೂಜೆರ್ಸಿಯವರು ಮಲಗಿದಾಗ ನಾವು, ನಾವು ಮಲಗಿದಾಗ ಅವರು ತಿದ್ದಿದ್ದರಿಂದ ನಮಗೆ ಭೂಗೋಳವೇ ಸಹಾಯ ಮಾಡಿತು.

ಯಾವ ಲೇಖನ ಎಲ್ಲಿಗೆ ಬಂದಿದೆ ಎಂಬುದಕ್ಕೆ ಗೂಗಲ್ ಶೀಟ್ ಒಂದನ್ನು ಇಡಿ: ಶೀರ್ಷಿಕೆ, ಲೇಖಕರು, ಎಡಿಟರ್, ಸ್ಥಿತಿ, ಡಾಕ್‌ನ ಲಿಂಕ್. ಶೀಟ್‌ನಲ್ಲಿ ಮಾಮೂಲಿ ಫಿಲ್ಟರ್ ಹಾಕಿದರೆ ಎಲ್ಲರ ಪರದೆಯಲ್ಲೂ ಸಾಲುಗಳು ಮಾಯವಾಗುತ್ತವೆ. ನಿಮಗೆ ಮಾತ್ರ ಬೇಕಾದರೆ 'ಫಿಲ್ಟರ್ ವ್ಯೂ' ಬಳಸಿ. ಲೇಖಕರ ಫೋನ್ ನಂಬರ್‌ಗಳನ್ನು ಈ ಶೀಟ್‌ನಲ್ಲಿ ಬರೆಯಬೇಡಿ.

ತಪ್ಪಾದಾಗ

ಕಂಟ್ರೋಲ್ ಮತ್ತು ಜಡ್ ಒತ್ತಿದರೆ ನೀವು ಮಾಡಿದ್ದು ಮಾತ್ರ ಹಿಂದಕ್ಕೆ ಹೋಗುತ್ತದೆ, ಬೇರೆಯವರದ್ದು ಹಾಗೆಯೇ ಉಳಿಯುತ್ತದೆ. ಬೇರೆಯವರ ಕೈವಾಡ ನೋಡಬೇಕಾದರೆ ಫೈಲ್ ಮೆನುವಿನ 'ವರ್ಷನ್ ಹಿಸ್ಟರಿ' ತೆರೆಯಿರಿ. ಯಾವ ಹೊತ್ತಿನಲ್ಲಿ ಯಾರು ಏನು ಬದಲಿಸಿದರು ಎಂಬುದು ಅವರವರ ಬಣ್ಣದಲ್ಲಿ ಕಾಣುತ್ತದೆ. ಇದನ್ನು ನೋಡಲು ಎಡಿಟರ್ ಹಕ್ಕು ಬೇಕು.

ಒಂದು ಪ್ಯಾರಾ ಕಳೆದುಹೋಗಿದೆಯೆಂದು ಇಡೀ ಹಳೆಯ ಆವೃತ್ತಿಯನ್ನು ಮರಳಿ ತರಬೇಡಿ. ಆಮೇಲೆ ಉಳಿದವರು ಮಾಡಿದ ಒಳ್ಳೆಯ ಕೆಲಸವೂ ಹಿಂದೆ ಸರಿಯುತ್ತದೆ. ಹಳೆಯ ಆವೃತ್ತಿಯಿಂದ ಆ ಪ್ಯಾರಾವನ್ನು ನಕಲಿಸಿ ತಂದು ಅಂಟಿಸಿ. ಪ್ರತಿ ಹಂತದ ಕೊನೆಗೆ 'ನೇಮ್ ಕರೆಂಟ್ ವರ್ಷನ್' ಒತ್ತಿ "ಲೇಖಕರು ಒಪ್ಪಿದ್ದು", "ಮೊದಲ ಕರಡು ತಿದ್ದಿದ್ದು" ಎಂದು ಹೆಸರಿಡಿ. ನಮ್ಮ ಮೂರನೆಯ ಪ್ಯಾರಾದ ಲೇಖಕರನ್ನು ಸಮಾಧಾನಪಡಿಸಿದ್ದು ಈ ಚರಿತ್ರೆಯೇ. ಅವರ ಮೂಲ ವಾಕ್ಯಗಳನ್ನು ಅವರೆದುರೇ ತೆರೆದು ತೋರಿಸಿದೆ.

ವಿದ್ಯುತ್ ಅಥವಾ ನೆಟ್‌ವರ್ಕ್ ಕೈಕೊಡುವ ಊರಿನವರು ಡ್ರೈವ್‌ನ ಸೆಟ್ಟಿಂಗ್ಸ್‌ನಲ್ಲಿ ಆಫ್‌ಲೈನ್ ಆಯ್ಕೆಯನ್ನು ಮೊದಲೇ ಹಾಕಿಕೊಳ್ಳಬೇಕು. ಸಂಪರ್ಕ ಬಂದಾಗ ತಿದ್ದುಪಡಿಗಳು ತಾವಾಗಿ ಸೇರುತ್ತವೆ. ಆದರೆ ಮೊದಲು ಹೇಳಿದ "ಕರ್ರ್ನಾಟಕ" ಹುಟ್ಟಲು ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ, ಹಾಗಾಗಿ ಆಫ್‌ಲೈನ್ ಕೆಲಸ ತಮ್ಮ ಪಾಲಿನ ಲೇಖನಕ್ಕೇ ಮೀಸಲಿರಲಿ.

ಗೂಗಲ್ ಬೇಡ ಎನ್ನುವವರಿಗೆ

ಮೈಕ್ರೋಸಾಫ್ಟ್‌ನ ವನ್‌ಡ್ರೈವ್ ಉಚಿತವಾಗಿ 5 ಜಿಬಿ ಕೊಡುತ್ತದೆ. ಬ್ರೌಸರ್‌ನಲ್ಲಿ ವರ್ಡ್ ತೆರೆದು ಹೀಗೆಯೇ ಕೂಡಿ ತಿದ್ದಬಹುದು. ಪಾಸ್‌ವರ್ಡ್ ಹಾಕಿ ಬೀಗ ಜಡಿದ ಫೈಲ್ ಮಾತ್ರ ಅಲ್ಲಿ ಒಟ್ಟಿಗೆ ತೆರೆಯುವುದಿಲ್ಲ.

ಫೈಲುಗಳು ತಮ್ಮದೇ ಸರ್ವರ್‌ನಲ್ಲಿ ಇರಬೇಕೆನ್ನುವ ಸಂಸ್ಥೆಗಳಿಗೆ, ಡ್ರೈವ್‌ನಂಥದ್ದೇ ಕೆಲಸ ಮಾಡುವ ನೆಕ್ಸ್ಟ್‌ಕ್ಲೌಡ್ ಇದೆ. ಅದರ ಜೊತೆ ಲಿಬ್ರೆಆಫೀಸ್ (ವರ್ಡ್‌ನಂಥ ಉಚಿತ ತಂತ್ರಾಂಶ) ಆಧಾರಿತ ಕೊಲಾಬೊರಾ ಆನ್‌ಲೈನ್ ಜೋಡಿಸಬೇಕು. ತಂತ್ರಾಂಶವನ್ನು ಪೆಟ್ಟಿಗೆಯೊಳಗಿಟ್ಟಂತೆ ಪ್ರತ್ಯೇಕವಾಗಿ ನಡೆಸುವ ಡಾಕರ್‌ನಲ್ಲಿ ಕೊಲಾಬೊರಾ ನಡೆಸಿದರೆ ಅದು ಸಂಪರ್ಕದ ಬಾಗಿಲಾದ 9980ನೆಯ ಪೋರ್ಟ್‌ನಲ್ಲಿ ಕಾಯುತ್ತದೆ. ನೆಕ್ಸ್ಟ್‌ಕ್ಲೌಡ್‌ನಲ್ಲಿ 'ನೆಕ್ಸ್ಟ್‌ಕ್ಲೌಡ್ ಆಫೀಸ್' ಆ್ಯಪ್ ಹಾಕಿ, ಆಡಳಿತ ಸೆಟ್ಟಿಂಗ್ಸ್‌ನಲ್ಲಿ ಆ ಸರ್ವರ್‌ನ ವಿಳಾಸ ಕೊಡಬೇಕು. ಫೈಲ್ ತೆರೆಯಲು ಹೋಗಿ ಚಕ್ರ ತಿರುಗುತ್ತಲೇ ಇದ್ದರೆ, ಬ್ರೌಸರ್ ಮತ್ತು ಸರ್ವರ್ ನಡುವಿನ ಮಧ್ಯವರ್ತಿಯಾದ ಪ್ರಾಕ್ಸಿ, ಸದಾ ತೆರೆದಿರುವ ವೆಬ್‌ಸಾಕೆಟ್ ಸಂಪರ್ಕವನ್ನು ತಡೆಯುತ್ತಿದೆಯೇ ಎಂದು ಮೊದಲು ನೋಡಿ. ಕನ್ನಡಿಗರು ಎಡವುವುದು ಫಾಂಟಿನಲ್ಲಿ. ಕೊಲಾಬೊರಾ ಪುಟದ ಚಿತ್ರವನ್ನು ಸರ್ವರ್‌ನಲ್ಲೇ ಬರೆದು ಬ್ರೌಸರ್‌ಗೆ ಕಳಿಸುತ್ತದೆ, ಹಾಗಾಗಿ ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಷ್ಟು ಕನ್ನಡ ಫಾಂಟ್ ಇದ್ದರೂ ಪ್ರಯೋಜನವಿಲ್ಲ. ಅವು ಸರ್ವರ್‌ನಲ್ಲಿರಬೇಕು, ಇಲ್ಲದಿದ್ದರೆ ಅಕ್ಷರದ ಬದಲು ಖಾಲಿ ಚೌಕಗಳು ಬರುತ್ತವೆ.

ಕೊನೆಯ ಹೆಜ್ಜೆ: ಅಚ್ಚಿಗೆ ಕೊಡುವ ದಿನ

ಡಿಟಿಪಿಗೆ ಕೊಡುವ ಮುನ್ನ ಟೂಲ್ಸ್ ಮೆನುವಿನ 'ರಿವ್ಯೂ ಸಜೆಸ್ಟೆಡ್ ಎಡಿಟ್ಸ್' ತೆರೆದು ಯಾವ ಸಲಹೆಯೂ ತೂಗಾಡುತ್ತಿಲ್ಲವೆಂದು ನೋಡಿ. ಆವೃತ್ತಿಗೆ ಹೆಸರಿಡಿ, ಎಲ್ಲರನ್ನೂ ವ್ಯೂವರ್ ಮಾಡಿ, ಆಮೇಲೆ ವರ್ಡ್ ರೂಪದಲ್ಲಿ ಇಳಿಸಿಕೊಳ್ಳಿ. ಪುಟವಿನ್ಯಾಸ ಮಾಡುವವರು ಇನ್‌ಡಿಸೈನ್ ಬಳಸುತ್ತಿದ್ದರೆ 'ವರ್ಲ್ಡ್ ರೆಡಿ' ಪ್ಯಾರಾಗ್ರಾಫ್ ಕಂಪೋಸರ್ ಆರಿಸಲು ನೆನಪಿಸಿ, ಇಲ್ಲವಾದರೆ ಒತ್ತಕ್ಷರಗಳು ಚೆದುರುತ್ತವೆ. ಅವರು ಹಳೆಯ ಫಾಂಟಿಗೇ ಮರಳಿ ಪರಿವರ್ತಿಸುವವರಾದರೆ ಅರ್ಕಾವತ್ತುಗಳನ್ನು ಪುಟ ಪುಟವೂ ಓದಿ ನೋಡಬೇಕು.

ಇಲ್ಲಿಂದ ಮುಂದೆ ಡಾಕ್ ಸತ್ಯವಲ್ಲ, ಪಿಡಿಎಫ್ ಸತ್ಯ. ಪುಟಗಳಲ್ಲಿ ಕಂಡ ತಪ್ಪುಗಳನ್ನು ಮತ್ತೆ ಡಾಕ್‌ನಲ್ಲಿ ತಿದ್ದಿದರೆ ಡಿಟಿಪಿಯವರಿಗೆ ಅದು ತಿಳಿಯುವುದೇ ಇಲ್ಲ. ಹೊಸ ಶೀಟ್ ಒಂದರಲ್ಲಿ ಪುಟ, ಸಾಲು, ಇರುವುದು, ಆಗಬೇಕಾದದ್ದು ಎಂದು ನಾಲ್ಕು ಅಂಕಣ ಮಾಡಿ ಬರೆಯಿರಿ. ಐದನೆಯ ಅಂಕಣದಲ್ಲಿ ಡಿಟಿಪಿಯವರು ತಿದ್ದಿದ ಮೇಲೆ ಗುರುತು ಹಾಕಲಿ. ನಮ್ಮ ಶೀಟ್‌ನಲ್ಲಿ ನೂರಾರು ಸಾಲುಗಳಾದವು. ಅದರಲ್ಲಿ ಮೇಷ್ಟ್ರ ಪಾಲೇ ಅರ್ಧ, ಎಲ್ಲವೂ ಸರಿಯಾದವೇ.